ಡ್ರಮ್ಮರ್ ಹೆಸರು ಗೊತ್ತಿರುವ ಹೊಸ ರಾಕ್ ಬ್ಯಾಂಡ್ ಯಾವುದು?

ಗಿಟಾರ್ ಮೇಷ್ಟ್ರು, ಮೈಸೂರು

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ 2002ರಿಂದ ಗಿಟಾರ್ ಹೇಳಿಕೊಡುತ್ತಿದ್ದೇನೆ. ಮನೆಯ ಮಹಡಿ ಮೇಲೆ ಒಂದು ರೂಮು, ಆರು ಪ್ಲಾಸ್ಟಿಕ್ ಕುರ್ಚಿ, ಗಿಟಾರಿನ ದನಿ ಜೋರು ಮಾಡುವ ಎರಡು ಆಂಪ್. ಅಷ್ಟೇ ನನ್ನ ಶಾಲೆ.

ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನ ಒಂದು ಪ್ರಶ್ನೆ ಕೇಳುತ್ತೇನೆ. "ಯಾವ ಹಾಡು ನುಡಿಸಬೇಕು ಅಂತ ಗಿಟಾರ್ ಹಿಡಿದೆ?" ಅವರು ಹೇಳಿದ್ದನ್ನು ಹೆಸರಿನ ಪಕ್ಕ ಬರೆದಿಡುತ್ತೇನೆ. ಫೀಸಿನ ಲೆಕ್ಕಕ್ಕೆ ಅಂತ ತಂದ ಉದ್ದನೆಯ ಪುಸ್ತಕ ಅದು. ಈಗ ನಾಲ್ಕನೆಯದು ನಡೆಯುತ್ತಿದೆ. ಹೋದ ವಾರ ಮಳೆ ಬಿಡಲೇ ಇಲ್ಲ, ಸಂಜೆ ಕ್ಲಾಸಿಗೆ ಒಬ್ಬರೂ ಬರಲಿಲ್ಲ. ನಾಲ್ಕೂ ಪುಸ್ತಕ ಮುಂದಿಟ್ಟುಕೊಂಡು ಮೊದಲ ಪುಟದಿಂದ ಓದುತ್ತಾ ಕೂತೆ.

ಮೊದಲ ಪುಸ್ತಕದಲ್ಲಿ ಮೆಟಾಲಿಕಾ, ನಿರ್ವಾಣ, ಗನ್ಸ್ ಎನ್ ರೋಸಸ್, ಪಿಂಕ್ ಫ್ಲಾಯ್ಡ್, ಮತ್ತೆ ಆಗ ತಾನೇ ಬಂದಿದ್ದ ಲಿಂಕಿನ್ ಪಾರ್ಕ್, ಎಲ್ಲ ಇಂಗ್ಲಿಷ್ ರಾಕ್ ಬ್ಯಾಂಡುಗಳು. ಇಂಜಿನಿಯರಿಂಗ್ ಹುಡುಗರೇ ಜಾಸ್ತಿ ಇದ್ದರು. 2007ರ ಪುಟಗಳಿಗೆ ಬಂದರೆ ಬೇರೆಯೇ ಲೋಕ. ಆಗಷ್ಟೇ ‘ಮುಂಗಾರು ಮಳೆ’ ಬಂದಿತ್ತು. ಜನವರಿಯಿಂದ ಬೇಸಿಗೆ ಮುಗಿಯುವ ತನಕ ಸಾಲು ಸಾಲಾಗಿ ಒಂದೇ ಹೆಸರು, ‘ಅನಿಸುತಿದೆ ಯಾಕೋ ಇಂದು’. ಒಂದು ಕಡೆ ಬರೆದು, ಕೆಳಗೆಲ್ಲ "ಅದೇ", "ಅದೇ" ಅಂತ ಗುರುತು ಹಾಕಿದ್ದೇನೆ. ನನಗೂ ತುಂಬಾ ಇಷ್ಟದ ಹಾಡು. ಹೇಳಿಕೊಡೋದಕ್ಕೆ ಒಂದು ದಿನವೂ ಬೇಜಾರಾಗಲಿಲ್ಲ.

ಅದೇ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡಿನವರು ಬಂದರು. ಐದು ಹುಡುಗರನ್ನು ಕರೆದುಕೊಂಡು ಹೋದೆ. ಅದಕ್ಕೆ ಮುಂಚೆ ಐದೂ ಮನೆಗೆ ಹೋಗಿ ಅಪ್ಪಂದಿರ ಹತ್ತಿರ ಮಾತಾಡಿದ್ದೆ, ರಾತ್ರಿಯೇ ವಾಪಸ್ ತಂದು ಬಿಡುತ್ತೇನೆ ಅಂತ. ಅವರಲ್ಲಿ ಒಬ್ಬ ನಂಜನಗೂಡಿನ ಹುಡುಗ. ಇಂಗ್ಲಿಷ್ ಅಷ್ಟಕ್ಕಷ್ಟೇ. ಐರನ್ ಮೇಡನ್ ಡ್ರಮ್ಮರ್ ಆಗ ದೊಡ್ಡ ಡ್ರಮ್ ಸೆಟ್ಟಿನ ಹಿಂದೆ ಕೂತರೆ ಜನರಿಗೆ ಕಾಣಿಸುತ್ತಲೇ ಇರಲಿಲ್ಲ. ನಮ್ಮ ಹುಡುಗ ಕಾಣಿಸದ ಆ ಮನುಷ್ಯನ ಹೆಸರು ಹಿಡಿದು "ನಿಕೋ! ನಿಕೋ!" ಅಂತ ಗಂಟಲು ಹರಿಯುವಷ್ಟು ಕೂಗಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನಿಗೆ ದನಿಯೇ ಇರಲಿಲ್ಲ.

ಅವತ್ತಿನಿಂದ ನನಗೆ ಒಂದು ಅಳತೆ ಸಿಕ್ಕಿತು. ಹಾಡುವವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ನಂಜನಗೂಡಿನ ಹುಡುಗನಿಗೆ ಡ್ರಮ್ಮರ್ ಹೆಸರು ಗೊತ್ತಿದ್ದರೆ ಆ ಬ್ಯಾಂಡ್ ನಿಜವಾಗಿ ಕಾಲವನ್ನು ಆಳುತ್ತಿದೆ ಅಂತ ಅರ್ಥ.

ನಾಲ್ಕನೇ ಪುಸ್ತಕವನ್ನು ಈ ಅಳತೆಯಲ್ಲಿ ನೋಡಿದೆ. ಸಿನಿಮಾ ಹಾಡು ಜಾಸ್ತಿ. ರೀಲ್ಸ್‌ನಲ್ಲಿ ಕೇಳಿದ ತುಣುಕುಗಳಿವೆ, ಹೆಸರೇ ಗೊತ್ತಿಲ್ಲದೆ ಗುನುಗಿ ತೋರಿಸುತ್ತಾರೆ. ರಾಕ್ ಕೇಳುವ ಮಕ್ಕಳು ಇನ್ನೂ ಇದ್ದಾರೆ. ಆದರೆ ಹದಿನೈದು ವರ್ಷದ ಮಗು ಕೇಳುವುದು ಮತ್ತೆ ಮೆಟಾಲಿಕಾ, ಮತ್ತೆ ನಿರ್ವಾಣ. ಹೊಸಬರಲ್ಲಿ ಇಮ್ಯಾಜಿನ್ ಡ್ರ್ಯಾಗನ್ಸ್ ಹಲವು ಸಲ ಬಂದಿದೆ. ಅವರ ಒಂದು ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ನೂರರ ಪಟ್ಟಿಯಲ್ಲಿ 87 ವಾರ ಇತ್ತು. ಸಣ್ಣ ಸಾಧನೆ ಅಲ್ಲ. ಆದರೆ "ಆ ಬ್ಯಾಂಡಿನಲ್ಲಿ ಯಾರ್ಯಾರಿದ್ದಾರೆ ಮಗು?" ಅಂತ ಕೇಳಿದರೆ ಸುಮ್ಮನೆ ನನ್ನ ಮುಖ ನೋಡುತ್ತಾರೆ. ಹಾಡು ಗೊತ್ತು, ಬ್ಯಾಂಡ್ ಗೊತ್ತಿಲ್ಲ.

ಒಂದು ಕಾಲದಲ್ಲಿ ಬೀಟಲ್ಸ್, ಆಮೇಲೆ ಲೆಡ್ ಝೆಪೆಲಿನ್, ಕ್ವೀನ್, ಯು2, ನಿರ್ವಾಣ ಹೀಗೆ ಹತ್ತು ವರ್ಷಕ್ಕೊಮ್ಮೆಯಾದರೂ ಒಂದು ಬ್ಯಾಂಡ್ ಬಂದು ಹುಡುಗರ ಕೂದಲು, ಬಟ್ಟೆ, ಮಾತು ಎಲ್ಲ ಬದಲಾಯಿಸುತ್ತಿತ್ತು. ಈಗ ಅಂಥ ಬ್ಯಾಂಡ್ ಹುಟ್ಟುತ್ತಿಲ್ಲವಾ? ಅಥವಾ ಹುಟ್ಟಿದ್ದು ನನ್ನ ಮಹಡಿ ತನಕ ಬರುತ್ತಿಲ್ಲವಾ? ನಮ್ಮ ಕಾಲವೇ ಚೆನ್ನಾಗಿತ್ತು ಅಂತ ಹೇಳಿ ಮುಗಿಸಬೇಡಿ. ಕಾರಣ ಬೇಕು. ನಾನು ನಾಳೆಯೂ ಮಕ್ಕಳಿಗೆ ಹೇಳಿಕೊಡಬೇಕು.

---

ಕ್ಯಾಸೆಟ್ ಅಂಗಡಿ ಹುಡುಗ, ಬೆಂಗಳೂರು

ಮೇಷ್ಟ್ರೇ, ನಿಮ್ಮ ಡ್ರಮ್ಮರ್ ಅಳತೆ ಓದಿ ಮನಸ್ಸು ತುಂಬಿ ಬಂತು. ಆದರೆ ನೀವು ಅಳೆದದ್ದು ರಾಕ್ ಸಂಗೀತವನ್ನಲ್ಲ, ಕ್ಯಾಸೆಟ್ಟಿನ ಒಳಗಿನ ಕಾಗದವನ್ನು.

ನಾನು 1993ರಿಂದ 2006ರ ತನಕ ಜಯನಗರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ ಮಾಡಿದವನು. ಇಂಗ್ಲಿಷ್ ಕ್ಯಾಸೆಟ್ ದುಬಾರಿ. ಕಾಲೇಜು ಹುಡುಗರು ಮೂರು ಜನ ಸೇರಿ ಒಂದು ಕೊಳ್ಳುತ್ತಿದ್ದರು. ಕೊಂಡ ಮೇಲೆ ಡಬ್ಬಿಯೊಳಗಿನ ಮಡಚಿದ ಕಾಗದವನ್ನು ಅಂಗಡಿ ಮೆಟ್ಟಿಲ ಮೇಲೇ ಕೂತು ಬಿಡಿಸುತ್ತಿದ್ದರು. ಅದರಲ್ಲಿ ಹಾಡಿನ ಸಾಲು, ಯಾರು ಬಾಸ್ ಗಿಟಾರ್, ಯಾರು ಡ್ರಮ್ಸ್, ಎಲ್ಲಿ ರೆಕಾರ್ಡ್ ಆಯಿತು, ಯಾರಿಗೆ ಥ್ಯಾಂಕ್ಸ್, ಎಲ್ಲ ಇರುತ್ತಿತ್ತು. ಅಷ್ಟು ಸಣ್ಣ ಅಕ್ಷರ. ಒಂದು ತಿಂಗಳು ಬೇರೆ ಕ್ಯಾಸೆಟ್ ಕೊಳ್ಳೋಕೆ ಆಗುತ್ತಿರಲಿಲ್ಲ, ಹಾಗಾಗಿ ಅದನ್ನೇ ಓದುತ್ತಿದ್ದರು. ನಿಮ್ಮ ನಂಜನಗೂಡಿನ ಹುಡುಗನಿಗೆ ನಿಕೋ ಮ್ಯಾಕ್‌ಬ್ರೇನ್ ಹೆಸರು ಬಂದದ್ದು ಅಂಥ ಕಾಗದದಿಂದಲೇ ಇರಬೇಕು. ಈಗ ಫೋನಿನಲ್ಲಿ ಹಾಡಿನ ಹೆಸರು, ಒಂದು ಚೌಕದ ಚಿತ್ರ, ಅಷ್ಟು ಕಾಣುತ್ತದೆ. ಡ್ರಮ್ಮರ್ ಹೆಸರು ಹುಡುಕಿದರೆ ಎಲ್ಲೋ ಒಳಗೆ ಸಿಗುತ್ತದೆ. ಹುಡುಕುವುದು ಯಾಕೆ? ಮುಂದಿನ ಹಾಡು ಆಗಲೇ ಶುರುವಾಗಿರುತ್ತದೆ.

ಎರಡನೇ ಕಾರಣ ಬಾಗಿಲು. ಮೊದಲು ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬರಬೇಕಿತ್ತು. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಬಂದಾಗ ಸುಮಾರು 7.3 ಕೋಟಿ ಜನ ನೋಡಿದರು. ಅದೇ ಏಪ್ರಿಲ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಹಾಡು ಅವರವೇ. 1981ರಲ್ಲಿ ಎಂಟಿವಿ ಬಂತು. ನಮಗೆ ಅದು ತೊಂಬತ್ತರ ದಶಕದಲ್ಲಿ ಕೇಬಲ್ ಮೂಲಕ ಸಿಕ್ಕಿತು. ರಾತ್ರಿ ಅಲ್ಲಿ ಏನು ಹಾಕುತ್ತಾರೋ ಬೆಳಿಗ್ಗೆ ಅಂಗಡಿಗೆ ಬಂದು ಅದನ್ನೇ ಕೇಳುತ್ತಿದ್ದರು. ನಾನು ಟಿವಿ ನೋಡಿಯೇ ಸ್ಟಾಕ್ ತರಿಸುತ್ತಿದ್ದೆ!

ನಿರ್ವಾಣ ಕಥೆ ಇನ್ನೂ ಸ್ವಾರಸ್ಯದ್ದು. 1991ರ ತನಕ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿ ತಯಾರಾಗುತ್ತಿದ್ದದ್ದು ಅಂಗಡಿಯವರಿಗೆ ಫೋನ್ ಮಾಡಿ, "ಏನು ಚೆನ್ನಾಗಿ ಹೋಗುತ್ತಿದೆ?" ಅಂತ ಕೇಳಿ. ಆ ವರ್ಷ ಸೌಂಡ್‌ಸ್ಕ್ಯಾನ್ ಬಂತು. ಗಲ್ಲಾದ ಹತ್ತಿರ ಬಾರ್‌ಕೋಡ್ ಎಣಿಸೋಕೆ ಶುರು ಮಾಡಿದರು. ಅಂಗಡಿಯವರು ಲೆಕ್ಕಕ್ಕೆ ತಗೊಳ್ಳದಿದ್ದ ಹಾಡು ಎಷ್ಟು ಮಾರಾಟವಾಗುತ್ತಿದೆ ಅಂತ ಆಗ ಗೊತ್ತಾಯಿತು. 1992ರ ಜನವರಿಯಲ್ಲಿ ನಿರ್ವಾಣ ಆಲ್ಬಮ್ ಮೈಕೆಲ್ ಜಾಕ್ಸನ್ ಆಲ್ಬಮ್ಮನ್ನು ಮೊದಲ ಸ್ಥಾನದಿಂದ ಇಳಿಸಿತು. ಹುಡುಗರು ಚೆನ್ನಾಗಿ ನುಡಿಸಿದ್ದು ನಿಜ. ಎಣಿಸುವ ರೀತಿಯೂ ಅದೇ ಹೊತ್ತಿಗೆ ಬದಲಾಗಿದ್ದು ಅಷ್ಟೇ ನಿಜ. ನಾನೂ ಅಂಗಡಿಯಲ್ಲಿ ಕೂತವನು, ಯಾರಾದರೂ ಕೇಳಿದ್ದರೆ ನನಗಿಷ್ಟದ ಕ್ಯಾಸೆಟ್ಟೇ ಚೆನ್ನಾಗಿ ಹೋಗುತ್ತಿದೆ ಅಂತ ಹೇಳುತ್ತಿದ್ದೆ.

ಆಮೇಲೆ 1996ರಲ್ಲಿ ಅಮೆರಿಕದಲ್ಲಿ ಕಾನೂನು ಬದಲಾಯಿತು. ದೇಶದಲ್ಲಿ ಒಂದು ಕಂಪನಿಗೆ ಎಷ್ಟು ರೇಡಿಯೋ ಸ್ಟೇಷನ್ ಇರಬಹುದು ಅನ್ನುವ ಮಿತಿಯನ್ನೇ ತೆಗೆದರು. ಒಂದೇ ಕಂಪನಿ ಸಾವಿರಕ್ಕೂ ಜಾಸ್ತಿ ಸ್ಟೇಷನ್ ಕೊಂಡಿತು. ಮೊದಲು ಒಂದೊಂದು ಊರಿನ ರೇಡಿಯೋದಲ್ಲಿ ಆ ಊರಿನ ಬ್ಯಾಂಡ್ ಕೇಳುತ್ತಿತ್ತು. ಸಿಯಾಟಲ್ ಅಂತ ಒಂದು ಊರಿನಿಂದ ಅಷ್ಟು ಬ್ಯಾಂಡ್ ಬರೋಕೆ ಸಾಧ್ಯವಾದದ್ದು ಆ ಕಾಲದಲ್ಲಿ. ಎಲ್ಲ ಊರಿಗೂ ಒಂದೇ ಪಟ್ಟಿ ಬಂದ ಮೇಲೆ ಹೊಸಬರಿಗೆ ಜಾಗ ಕಮ್ಮಿಯಾಯಿತು. 1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಹಾಡು ಪುಕ್ಕಟೆಯಾಯಿತು. ನಮ್ಮ ಅಂಗಡಿ 2006ರಲ್ಲಿ ಮುಚ್ಚಿತು. ಕೊನೆ ದಿನ ಮಾಲೀಕರು ನನಗೆ ಇಷ್ಟ ಬಂದ ಇಪ್ಪತ್ತು ಕ್ಯಾಸೆಟ್ ತಗೊಂಡು ಹೋಗು ಅಂದರು. ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇನ್ನೊಂದು, ದುಡ್ಡಿನ ಮಾತು. ಒಬ್ಬ ರಾಪರ್‌ಗೆ ಒಂದು ಲ್ಯಾಪ್‌ಟಾಪು, ಒಂದು ಮೈಕು ಸಾಕು. ಬ್ಯಾಂಡ್ ಅಂದರೆ ನಾಲ್ಕು ಜನ, ಒಂದು ವ್ಯಾನು, ಪ್ರಾಕ್ಟೀಸ್ ರೂಮಿನ ಬಾಡಿಗೆ. ಬಂದ ದುಡ್ಡನ್ನು ನಾಲ್ಕು ಭಾಗ ಮಾಡಬೇಕು. ಅಮೆರಿಕದಲ್ಲಿ 2017ರಲ್ಲಿ ಹಿಪ್‌ಹಾಪ್ ಅನ್ನುವ ರಾಪ್ ಸಂಗೀತ ಮತ್ತು ಆರ್ ಅಂಡ್ ಬಿ ಸೇರಿ ರಾಕ್ ಸಂಗೀತವನ್ನು ಮೊದಲ ಸಲ ಹಿಂದೆ ಹಾಕಿತು ಅಂತ ಯಾವ ಸಂಗೀತ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕ ಇಡುವ ನೀಲ್ಸನ್ ಕಂಪನಿ ಹೇಳಿತು. ಇದರಲ್ಲಿ ನನಗೆ ಆಶ್ಚರ್ಯ ಆಗಲಿಲ್ಲ.

---

ಅಹಮದಾಬಾದಿಗೆ ಹೋಗಿ ಬಂದವನು, ಹುಬ್ಬಳ್ಳಿ

2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನೋಡೋಕೆ ಅಹಮದಾಬಾದಿಗೆ ಹೋಗಿದ್ದೆ. ಎರಡು ದಿನ, ಒಂದೊಂದು ದಿನ ಲಕ್ಷಕ್ಕೂ ಜಾಸ್ತಿ ಜನ. ಎಲ್ಲರ ಕೈಯಲ್ಲೂ ಹೊಳೆಯುವ ಪಟ್ಟಿ. ರಾಕ್ ಬ್ಯಾಂಡ್ ಸತ್ತಿದೆ ಅಂತ ಯಾರು ಹೇಳಿದ್ದು ಸರ್? ನನ್ನ ಪಕ್ಕದಲ್ಲಿ ಅಜ್ಜಿ ಇದ್ದರು, ಮೊಮ್ಮಗಳೂ ಇದ್ದಳು.

---

ಗಿಟಾರ್ ಮೇಷ್ಟ್ರು, ಮೈಸೂರು

ಹುಬ್ಬಳ್ಳಿ ಅಣ್ಣಾವ್ರೇ, ಸತ್ತಿದೆ ಅಂತ ನಾನು ಹೇಳಲಿಲ್ಲ. ಕೋಲ್ಡ್‌ಪ್ಲೇ ಮೊದಲ ಆಲ್ಬಮ್ ಬಂದದ್ದು 2000ದಲ್ಲಿ. ನನ್ನ ಶಾಲೆಗಿಂತ ಹಳಬರು. 2025ರ ಜುಲೈಯಲ್ಲಿ ಓಯಸಿಸ್ ಬ್ಯಾಂಡಿನ ಅಣ್ಣತಮ್ಮಂದಿರು ಕಾರ್ಡಿಫ್‌ನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದಾಗ ಬ್ರಿಟನ್ ಪೂರ್ತಿ ಹಬ್ಬ ಮಾಡಿತು. ಅವರು 1996ರಲ್ಲಿ ನೆಬ್‌ವರ್ತ್‌ನಲ್ಲಿ ಎರಡು ರಾತ್ರಿಗೆ ಎರಡೂವರೆ ಲಕ್ಷ ಜನರ ಮುಂದೆ ನುಡಿಸಿದವರು. ಸ್ಟೇಡಿಯಂ ಈಗಲೂ ತುಂಬುತ್ತದೆ, ಒಪ್ಪಿದೆ. ತುಂಬಿಸುವವರು ಮೂವತ್ತು ವರ್ಷದಿಂದ ಅವರೇ ಇದ್ದಾರೆ ಅನ್ನುವುದು ನನ್ನ ಸಂಕಟ. ಇಪ್ಪತ್ತೈದು ವರ್ಷದ ನಾಲ್ಕು ಜನರ ಬ್ಯಾಂಡ್ ಆ ಸ್ಟೇಡಿಯಂ ತುಂಬಿಸಿದ್ದು ನೋಡಬೇಕು ಅಂತ ಆಸೆ.

ಕ್ಯಾಸೆಟ್ ಅಣ್ಣ, ನಿಮ್ಮ ಮಾತು ನನ್ನನ್ನು ನಿದ್ದೆ ಮಾಡೋಕೆ ಬಿಡಲಿಲ್ಲ. ನಂಜನಗೂಡಿನ ಹುಡುಗ ಈಗ ಮಂಡ್ಯದಲ್ಲಿದ್ದಾನೆ. ಫೋನ್ ಮಾಡಿ ಕೇಳಿದೆ, ನಿಕೋ ಹೆಸರು ನಿನಗೆ ಹೇಗೆ ಗೊತ್ತಿತ್ತು ಅಂತ. ಕ್ಯಾಸೆಟ್ ಹೊದಿಕೆಯಿಂದಲೇ. ಅವನ ಅಣ್ಣ ತಂದಿದ್ದ ಕ್ಯಾಸೆಟ್ ಅಂತೆ. ಆ ಕಾಗದ ಹರಿದ ಮೇಲೆ ಅನ್ನದ ಗಂಜಿ ಹಚ್ಚಿ ಅಂಟಿಸಿದ್ದನಂತೆ.

---

ಹಾಸನದ ನರ್ಸ್, ಬರ್ಮಿಂಗ್‌ಹ್ಯಾಂ

ನಾನು ಈ ವಿಷಯದಲ್ಲಿ ಹೊಸಬಳು. ಹನ್ನೊಂದು ವರ್ಷದಿಂದ ಬರ್ಮಿಂಗ್‌ಹ್ಯಾಂನಲ್ಲಿ ಆಸ್ಪತ್ರೆ ಕೆಲಸ. ನನಗೆ ಸಂಗೀತ ಅಂದರೆ ಭಾವಗೀತೆ, ದಾಸರ ಪದ. ಆದರೂ 2025ರ ಜುಲೈಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು ಅನ್ನಿಸಿತು.

ಬ್ಲ್ಯಾಕ್ ಸಬಾತ್ ಈ ಊರಿನವರೇ. ಆಸ್ಟನ್ ಅನ್ನುವ ಬಡಾವಣೆ. ಜುಲೈ 5ರಂದು ಅಲ್ಲೇ ವಿಲ್ಲಾ ಪಾರ್ಕ್ ಸ್ಟೇಡಿಯಂನಲ್ಲಿ ಕೊನೇ ಸಲ ನುಡಿಸಿದರು. ಆಝಿ ಆಸ್ಬರ್ನ್ ಅವರಿಗೆ ನಿಲ್ಲೋಕೆ ಆಗುತ್ತಿರಲಿಲ್ಲ. ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದರು. ಜುಲೈ 22ರಂದು ತೀರಿಕೊಂಡರು. 30ನೇ ತಾರೀಕು ಅವರ ಅಂತಿಮಯಾತ್ರೆ ಬ್ರಾಡ್ ಸ್ಟ್ರೀಟ್ ಮೇಲೆ ಬಂತು. ನನಗೆ ಅವತ್ತು ರಾತ್ರಿ ಪಾಳಿ, ಹಗಲು ಬಿಡುವಿತ್ತು. ಸುಮ್ನೆ ನೋಡೋಣ ಅಂತ ಹೋದೆ. ಬ್ಯಾಂಡಿನ ಹೆಸರಿಟ್ಟಿರುವ ಒಂದು ಸೇತುವೆ ಇದೆ ಅಲ್ಲಿ. ಅದರ ಸುತ್ತ ಹೂವು, ಕಾಗದ, ಮಕ್ಕಳು ಬರೆದ ಚಿತ್ರ. ಎಪ್ಪತ್ತು ದಾಟಿದ ಗಂಡಸರು ಕಪ್ಪು ಟೀಶರ್ಟ್ ಹಾಕಿಕೊಂಡು ಅಳುತ್ತಿದ್ದರು. ನಮ್ಮಲ್ಲಿ ರಾಜಣ್ಣ ಹೋದಾಗ ನಮ್ಮಪ್ಪ ಅತ್ತದ್ದು ನೆನಪಾಯಿತು. ಒಂದು ಊರು ತನ್ನ ಮನೆಯವನನ್ನೇ ಕಳಕೊಂಡ ಹಾಗೆ ಇತ್ತು.

ನಮ್ಮ ವಾರ್ಡಿಗೆ ಬರುವ ವಯಸ್ಸಾದ ರೋಗಿಗಳಲ್ಲಿ ಬಹಳ ಜನ ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು. ಅವರೊಬ್ಬರು ನನಗೆ ಟೋನಿ ಐಯೋಮಿ ಬೆರಳಿನ ಕಥೆ ಹೇಳಿದರು. ಈ ಬ್ಯಾಂಡಿನ ಗಿಟಾರ್ ವಾದಕ. ಹದಿನೇಳು ವರ್ಷಕ್ಕೆ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ. ಬಿಡುವ ಕೊನೇ ದಿನವೇ ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ನರ್ಸ್ ಆಗಿ ನನಗೆ ಆ ನೋವು ಗೊತ್ತು. ಅಂಥ ಗಾಯ ಆದ ಬೆರಳು ಚಳಿಗೆ ಮುಟ್ಟಿದರೂ ಜೀವ ಹೋಗುತ್ತದೆ. ಆ ಮನುಷ್ಯ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದರಂತೆ.

ನನ್ನ ಪ್ರಶ್ನೆ ಇಷ್ಟೇ. ಈಗ ಆ ಕಾರ್ಖಾನೆ ಎಲ್ಲ ಮುಚ್ಚಿವೆ. ಅಂಥ ಹುಡುಗರು ಸೇರಿ ನುಡಿಸುತ್ತಿದ್ದ ಸಣ್ಣ ಜಾಗಗಳೂ ಮುಚ್ಚುತ್ತಿವೆ. 2023 ಒಂದೇ ವರ್ಷದಲ್ಲಿ ಬ್ರಿಟನ್‌ನಲ್ಲಿ 125 ಸಣ್ಣ ಸಂಗೀತದ ಜಾಗಗಳು ನಿಂತುಹೋದವು ಅಂತ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅನ್ನುವ ಇಲ್ಲಿನ ಸಂಸ್ಥೆ ಹೇಳಿತು. ನಮ್ಮ ಪಕ್ಕದ ಮನೆ ಹುಡುಗ ಒಂದು ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಾನೆ. ಪಬ್ಬಿನಲ್ಲಿ ನುಡಿಸಿ ಬಂದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಬೆಳಿಗ್ಗೆ ಗೋದಾಮಿನ ಕೆಲಸಕ್ಕೆ ಓಡುತ್ತಾನೆ. ಬ್ಯಾಂಡ್ ದೊಡ್ಡದಾಗೋಕೆ ಮೊದಲು ಹತ್ತು ವರ್ಷ ಚಿಕ್ಕದಾಗಿ ಬದುಕಬೇಕಲ್ವಾ? ಚಿಕ್ಕದಾಗಿ ಬದುಕೋಕೆ ಜಾಗವೇ ಇಲ್ಲದಿದ್ದರೆ?

---

ಸೆಕೆಂಡ್ ಪಿಯುಸಿ, ಉಡುಪಿ

ಸರ್, ನನಗೆ ಹದಿನೇಳು ವರ್ಷ. ಎರಡು ವರ್ಷದಿಂದ ಗಿಟಾರ್ ನುಡಿಸುತ್ತೇನೆ. ಹೇಳಿಕೊಟ್ಟವರು ಯಾರೂ ಇಲ್ಲ, ಯೂಟ್ಯೂಬ್ ನೋಡಿಯೇ. ನಿಮ್ಮೆಲ್ಲರ ಮಾತು ಓದಿದೆ, ತುಂಬಾ ಇಷ್ಟವಾಯಿತು. ಆದರೆ ಒಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ನಾನು ಸ್ಲೀಪ್ ಟೋಕನ್ ಕೇಳುತ್ತೇನೆ. ಲಂಡನ್ ಬ್ಯಾಂಡ್. 2016ರಲ್ಲಿ ಶುರುವಾದದ್ದು. 2025ರ ಮೇನಲ್ಲಿ ಅವರ ಆಲ್ಬಮ್ ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಅದೇ ತಿಂಗಳು ಸ್ವೀಡನ್ನಿನ ಘೋಸ್ಟ್ ಬ್ಯಾಂಡೂ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಎರಡೂ ಗಟ್ಟಿ ಗಿಟಾರಿನ ಬ್ಯಾಂಡ್. ಎರಡೂ ನಿಮ್ಮ ಶಾಲೆಗಿಂತ ಚಿಕ್ಕವು ಸರ್.

ಈಗ ಡ್ರಮ್ಮರ್ ಹೆಸರು. ಸ್ಲೀಪ್ ಟೋಕನ್ ಡ್ರಮ್ಮರ್ ಹೆಸರು ‘ಎರಡು’. ನಿಜವಾಗಲೂ. ಹಾಡುವವರು ವೆಸಲ್. ಉಳಿದವರು ಎರಡು, ಮೂರು, ನಾಲ್ಕು. ರೋಮನ್ ಅಂಕಿಯಲ್ಲಿ ಬರೆಯುತ್ತಾರೆ. ಎಲ್ಲರೂ ಮುಖವಾಡ ಹಾಕಿರುತ್ತಾರೆ. ನಿಜವಾದ ಹೆಸರು ಬೇಡ, ಹಾಡು ಮಾತ್ರ ಕೇಳಿ ಅಂತ ಅವರ ಆಸೆ. ನಮ್ಮಂಥವರು ಅದನ್ನು ಪಾಲಿಸುತ್ತೇವೆ. ಯಾರಾದರೂ ಹೆಸರು ಹುಡುಕಿ ಹಾಕಿದರೆ ನಮಗೆ ಬೇಜಾರಾಗುತ್ತದೆ. ಆದರೆ ‘ಎರಡು’ ಅವರ ಕೈ ಹೇಗೆ ಓಡುತ್ತದೆ ಅಂತ ನನಗೆ ಗೊತ್ತು. ಸ್ನೇರ್ ಅನ್ನುವ ಡ್ರಮ್ಮಿನ ಮೇಲೆ ಅವರು ಮೆಲ್ಲಗೆ ಹಾಕುವ ಸಣ್ಣ ಪೆಟ್ಟುಗಳನ್ನು ನಾನು ಊಟದ ಟೇಬಲ್ ಮೇಲೆ ಬಾರಿಸಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತೇನೆ. ಅದು ಡ್ರಮ್ಮರ್ ಗೊತ್ತಿದ್ದ ಹಾಗೆ ಅಲ್ವಾ ಸರ್?

ಇನ್ನೊಂದು. ಎಲ್ಲರೂ ಅಮೆರಿಕ, ಬ್ರಿಟನ್ ಅಂತಲೇ ಮಾತಾಡುತ್ತಿದ್ದೀರಿ. ಜಪಾನಿನಲ್ಲಿ ಬ್ಯಾಂಡ್ ಇವತ್ತಿಗೂ ದೊಡ್ಡದು. ಮಿಸೆಸ್ ಗ್ರೀನ್ ಆಪಲ್ ಅಂತ ಒಂದು ಬ್ಯಾಂಡ್ ಇದೆ, 2013ರಲ್ಲಿ ಶುರುವಾದದ್ದು. 2023 ಮತ್ತು 2024, ಎರಡೂ ವರ್ಷ ಜಪಾನ್ ರೆಕಾರ್ಡ್ ಅವಾರ್ಡ್ಸ್‌ನ ದೊಡ್ಡ ಬಹುಮಾನ ಅವರಿಗೇ. ಅಂಗಡಿ, ಟಿವಿ, ಶಾಲೆ, ಎಲ್ಲ ಕಡೆ ಅವರ ಹಾಡು. ಕಿಂಗ್ ನು, ಒಫಿಶಿಯಲ್ ಹಿಗೆ ಡಾಂಡಿಸಂ, ಇವರೆಲ್ಲ ಅಲ್ಲಿ ಮನೆಮಾತು. ನಾನು ಇವರನ್ನು ಕಂಡುಕೊಂಡದ್ದು ಅನಿಮೆಯಿಂದ, ಅಂದರೆ ಜಪಾನಿನ ಕಾರ್ಟೂನ್‌ಗಳಿಂದ. ಅನಿಮೆಯ ಮೊದಲ ಹಾಡು, ಕೊನೆಯ ಹಾಡು ಬಹಳ ಸಲ ಬ್ಯಾಂಡಿನವರದ್ದೇ. ವಾರ ವಾರ ಅದೇ ಹಾಡು ಕೇಳುತ್ತೇವೆ. ಅದೂ ಒಂದು ಬಾಗಿಲು, ಕ್ಯಾಸೆಟ್ ಅಂಕಲ್.

ಜಪಾನಿನ ಹೈಸ್ಕೂಲುಗಳಲ್ಲಿ ಬ್ಯಾಂಡ್ ಮಾಡೋಕೆ ಅಂತಲೇ ಸಂಘ ಇರುತ್ತದೆ. ನಮ್ಮಲ್ಲಿ ಎನ್‌ಸಿಸಿ, ಸ್ಕೌಟ್ಸ್ ಇದ್ದ ಹಾಗೆ. ಶಾಲೆಯಲ್ಲೇ ಡ್ರಮ್ಸ್ ಇರುತ್ತದೆ. ಸಂಜೆ ಕ್ಲಾಸು ಮುಗಿದ ಮೇಲೆ ನಾಲ್ಕು ಜನ ಸೇರಿ ನುಡಿಸಬಹುದು. ಊರಲ್ಲಿ ‘ಲೈವ್ ಹೌಸ್’ ಅಂತ ಸಣ್ಣ ಸಣ್ಣ ಹಾಲ್. 2022ರಲ್ಲಿ ‘ಬೋಚಿ ದ ರಾಕ್’ ಅಂತ ಅನಿಮೆ ಬಂತು. ಯಾರ ಜೊತೆಗೂ ಮಾತಾಡೋಕೆ ಹೆದರುವ ಒಬ್ಬಳು ಹುಡುಗಿ ಬ್ಯಾಂಡ್ ಸೇರುವ ಕಥೆ. ಅದರ ನಾಲ್ಕೂ ಹುಡುಗಿಯರ ಮನೆತನದ ಹೆಸರನ್ನು ಏಷ್ಯನ್ ಕುಂಗ್‌ಫೂ ಜನರೇಶನ್ ಅನ್ನುವ ಹಳೇ ಬ್ಯಾಂಡಿನ ನಾಲ್ವರಿಂದ ತಗೊಂಡಿದ್ದಾರೆ. ಡ್ರಮ್ಮರ್ ಹುಡುಗಿಗೆ ಡ್ರಮ್ಮರ್ ಹೆಸರೇ! ನಾನು ಗಿಟಾರ್ ಕೊಂಡದ್ದು ಅದನ್ನು ನೋಡಿ.

ನನಗೆ ಬ್ಯಾಂಡ್ ಇಲ್ಲ. ಉಡುಪಿಯಲ್ಲಿ ನನ್ನ ವಯಸ್ಸಿನ ಡ್ರಮ್ಮರ್ ಒಬ್ಬರೂ ನನಗೆ ಗೊತ್ತಿಲ್ಲ. ಚೆಂಡೆ ಬಾರಿಸುವ ಹುಡುಗರು ಬೇಕಾದಷ್ಟು ಇದ್ದಾರೆ. ಕೋಣೆಯಲ್ಲಿ ಒಬ್ಬಳೇ ಹೆಡ್‌ಫೋನ್ ಹಾಕಿ ನುಡಿಸುತ್ತೇನೆ. ಕೇಳುವವರು ಎಷ್ಟೋ ಜನ ಇದ್ದಾರೆ ಸರ್, ಫೋನಿನಲ್ಲಿ. ಜೊತೆಗೆ ನುಡಿಸುವವರು ಇಲ್ಲ.

---

ಕ್ಯಾಸೆಟ್ ಅಂಗಡಿ ಹುಡುಗ, ಬೆಂಗಳೂರು

ಮಗಳೇ, ಚೆಂಡೆ ಹುಡುಗನನ್ನೇ ಕೇಳು. ತಮಾಷೆಗೆ ಹೇಳುತ್ತಿಲ್ಲ. ನಮ್ಮೂರಿನ ರಘು ದೀಕ್ಷಿತ್, ಸ್ವರಾತ್ಮ ಇವರನ್ನೆಲ್ಲ ಸಣ್ಣ ಹಾಲ್‌ಗಳಲ್ಲಿ ನೋಡಿದ್ದೇನೆ. ಶಿಶುನಾಳ ಶರೀಫರ ಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿದಾಗ ಹಿಂದಿನ ಸಾಲಿನ ಕನ್ನಡ ಬರದ ಹುಡುಗರೂ ಎದ್ದು ಕುಣಿದರು. ಡ್ರಮ್ ಸೆಟ್ಟೇ ಬೇಕು ಅಂತ ಕಾಯುತ್ತಾ ಕೂರಬೇಡ.

---

ಗಿಟಾರ್ ಮೇಷ್ಟ್ರು, ಮೈಸೂರು

ಉಡುಪಿ ಮಗು, ನಿನ್ನ ಉತ್ತರವನ್ನು ಮೂರು ಸಲ ಓದಿದೆ. ಆಮೇಲೆ ಸ್ಲೀಪ್ ಟೋಕನ್ ಆಲ್ಬಮ್ ಪೂರ್ತಿ ಕೇಳಿದೆ, ಹೆಡ್‌ಫೋನ್ ಹಾಕಿ, ದೀಪ ಆರಿಸಿ. ‘ಎರಡು’ ಅವರ ಸ್ನೇರ್ ಪೆಟ್ಟು ಕೇಳಿಸಿತು. ನೀನು ಹೇಳಿದ್ದು ಸರಿ. ನಿನಗೆ ಡ್ರಮ್ಮರ್ ಗೊತ್ತು. ನನ್ನ ಅಳತೆ ತಪ್ಪಾಗಿತ್ತು, ತಿದ್ದಿಕೊಂಡಿದ್ದೇನೆ.

ನಿನಗೆ ಒಂದು ವಿಷಯ ಹೇಳಬೇಕು. ಈ ಗಟ್ಟಿ ಗಿಟಾರ್ ಅಷ್ಟು ಕೆಳಗಿನ ಶ್ರುತಿಯಲ್ಲಿ ಗುಡುಗುತ್ತದಲ್ಲ, ಅದರ ಬೇರು ಹಾಸನದ ಅಕ್ಕ ಹೇಳಿದ ಬೆರಳಿನಲ್ಲಿದೆ. ಐಯೋಮಿ ಅವರು ಬೆರಳಿಗೆ ನೋವಾಗದಿರಲಿ ಅಂತ ತೆಳು ತಂತಿ ಹಾಕಿದರು. 1971ರ ಹೊತ್ತಿಗೆ ತಂತಿಯನ್ನು ಮಾಮೂಲಿಗಿಂತ ಮೂರು ಅರ್ಧಸ್ವರ ಇಳಿಸಿದರು. ತಂತಿ ಸಡಿಲವಾಯಿತು, ಒತ್ತೋಕೆ ಸುಲಭವಾಯಿತು, ದನಿ ಭಾರವಾಯಿತು. ಆಮೇಲೆ ಬಂದವರು ಆ ಭಾರಕ್ಕೇ ಮನಸೋತು ಇನ್ನೂ ಇನ್ನೂ ಇಳಿಸುತ್ತಾ ಹೋದರು. ನೀನು ಉಡುಪಿಯ ಕೋಣೆಯಲ್ಲಿ ಕಿವಿ ತುಂಬ ಕೇಳುವ ಆ ದನಿ ಬರ್ಮಿಂಗ್‌ಹ್ಯಾಂ ಕಾರ್ಖಾನೆಯಲ್ಲಿ ಗಾಯವಾದ ಒಬ್ಬ ಹುಡುಗನದ್ದು.

ಅಕ್ಕ, ನಿಮ್ಮ "ಚಿಕ್ಕದಾಗಿ ಬದುಕೋಕೆ ಜಾಗ" ಅನ್ನುವ ಮಾತು ನನಗೆ ನಾಟಿತು. ಇಪ್ಪತ್ತು ಚಿಲ್ಲರೆ ವರ್ಷದಿಂದ ನಾನು ಒಬ್ಬೊಬ್ಬರಿಗೇ ಹೇಳಿಕೊಡುತ್ತಾ ಬಂದಿದ್ದೇನೆ. ಐದು ಗಂಟೆಗೆ ಒಬ್ಬ, ಆರಕ್ಕೆ ಇನ್ನೊಬ್ಬಳು. ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಎದುರಾಗುತ್ತಾರೆ, ಹೆಸರು ಸಹ ಕೇಳಿಕೊಳ್ಳುವುದಿಲ್ಲ. ನಾಲ್ಕು ಪುಸ್ತಕದಲ್ಲಿ ಅಷ್ಟು ಹೆಸರಿವೆ, ಇಬ್ಬರನ್ನು ಒಟ್ಟಿಗೆ ಕೂರಿಸಿದ್ದು ಆ ಐರನ್ ಮೇಡನ್ ಬಸ್ಸಿನಲ್ಲಿ ಮಾತ್ರ. ಬ್ಯಾಂಡ್ ಯಾಕೆ ಹುಟ್ಟುತ್ತಿಲ್ಲ ಅಂತ ಊರೆಲ್ಲ ಕೇಳಿದೆ. ನನ್ನ ಮಹಡಿಯಲ್ಲೇ ಅದಕ್ಕೆ ಜಾಗ ಮಾಡಿರಲಿಲ್ಲ.

ನಿನ್ನೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯನ ಹತ್ತಿರ ಹೋದೆ. ಅವನು ಈಗ ಎಲೆಕ್ಟ್ರಾನಿಕ್ ಪ್ಯಾಡ್ ಬಾರಿಸುತ್ತಾನೆ. ಹಳೇ ಡ್ರಮ್ ಸೆಟ್ ಅಟ್ಟದ ಮೇಲೆ ಧೂಳು ಹಿಡಿದಿತ್ತು. ಬಾಸ್ ಡ್ರಮ್ಮಿನ ಚರ್ಮ ಹರಿದಿದೆ, ಒಂದು ಸಿಂಬಲ್ ಸೀಳಿದೆ. ತಗೊಂಡು ಹೋಗು, ದುಡ್ಡು ಬೇಡ ಅಂದ. ಆಟೋದಲ್ಲಿ ಎರಡು ಸಲ ಓಡಾಡಿ ತಂದೆ. ಕೆಳಗಿನ ಮನೆಯವರ ಹತ್ತಿರ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಂತ ಒಪ್ಪಿಗೆ ಪಡೆದಿದ್ದೇನೆ. ಐದು ಗಂಟೆಯ ಹುಡುಗ, ಆರು ಗಂಟೆಯ ಹುಡುಗಿ, ಶನಿವಾರದ ಇನ್ನೊಬ್ಬ, ಮೂವರೂ ಬರುತ್ತೇನೆ ಅಂದಿದ್ದಾರೆ. ಡ್ರಮ್ಸಿಗೆ ನಮ್ಮ ರಸ್ತೆಯ ಮೃದಂಗ ಕಲಿಯುವ ಹುಡುಗನನ್ನು ಕೇಳಿದ್ದೇನೆ. ಕಾಲಲ್ಲಿ ಬಾರಿಸಬೇಕಾ ಅಂತ ಗಾಬರಿಯಾಗಿದ್ದಾನೆ, ಆದರೂ ಬರುತ್ತಾನೆ.

ಮಗು, ರಜೆಯಲ್ಲಿ ಮೈಸೂರಿಗೆ ಬರುವುದಿದ್ದರೆ ಅಪ್ಪ ಅಮ್ಮನ ಜೊತೆ ಒಂದು ಭಾನುವಾರ ಬಾ. ಕ್ಯಾಸೆಟ್ ಅಣ್ಣ, ನಿಮ್ಮ ಹತ್ತಿರ ಒಂದು ಕೆಲಸವಿದೆ. ಆ ಇಪ್ಪತ್ತು ಕ್ಯಾಸೆಟ್ಟಿನ ಒಳಗಿನ ಕಾಗದಗಳ ಫೋಟೋ ತೆಗೆದು ಕಳಿಸಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ರೂಮಿನ ಗೋಡೆಗೆ ಅಂಟಿಸುತ್ತೇನೆ. ಮತ್ತೆ, 22 ಇಂಚಿನ ಬಾಸ್ ಡ್ರಮ್ಮಿಗೆ ಚರ್ಮ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಶನಿವಾರದೊಳಗೆ ತಿಳಿಸಿ.